ಪಾಥ್ ಮಾವ
ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಯಾರ ಪ್ರೋಗ್ರಾಂ ಫೈಲ್ ಓದದೆ ಮೊಂಡು ಹಿಡಿದರೂ ಕರೆ ಹೋಗುವುದು ಪಾಥ್ ಮಾವನಿಗೇ. ಎದೆನೋವು ಎಂದವರನ್ನೂ ಅವರು 'ಫೈಲಿನ ಪಾಥ್ ಸರಿ ಇದೆಯಾ?' ಎಂದು ಕೇಳಿಯಾರೆಂದೇ ಆ ಹೆಸರು ಬಿದ್ದದ್ದು. ಕನ್ನಡಕವನ್ನು ಹಣೆಗೇರಿಸಿ, ಕೂತವರನ್ನು ಎಬ್ಬಿಸಿ ತಾವು ಕೂತು, 'ಪಾಥ್ ಅಂದ್ರೆ ಫೈಲಿನ ವಿಳಾಸ. ಫೈಲ್ ಇರೋದೊಂದು ಕಡೆ, ನೀವು ಹುಡುಕೋದೊಂದು ಕಡೆ. ಕಂಪ್ಯೂಟರ್ ಏನು ಕಣಿ ಹೇಳುತ್ತಾ?' ಎಂದು ಗದರುತ್ತಲೇ ಸರಿಮಾಡಿಬಿಡುವರು. ಆ ಬೈಗುಳವನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡವರಲ್ಲ. ಹೊಸದಾಗಿ ಸೇರಿದ್ದ ಹೆಣ್ಣುಮಗಳ ವಿಷಯ ಮಾತ್ರ ಹಾಗಾಗಲಿಲ್ಲ. ಅವಳು ನೋಡಿಕೊಳ್ಳುತ್ತಿದ್ದ ಹಳೆಯ ಪ್ರೋಗ್ರಾಂ ಒಂದು ವಾರ್ಡಿನ ರೋಗಿಗಳ ಜ್ವರದ ಅಂಕಿಗಳನ್ನೆಲ್ಲ ಅಳಿಸಿಹಾಕಿತ್ತು; ವೈದ್ಯರು ಕೂಗಾಡಿದ್ದರು. 'ಬರೆಯೋಕೆ ಅಂತ ಫೈಲ್ ತೆರೆದ್ರೆ ಹಳೇದೆಲ್ಲ ಅಳಿಸಿಹೋಗುತ್ತಮ್ಮ, ಕೊನೇಲಿ ಸೇರಿಸೋಕೆ ಅಂತ ತೆರೀಬೇಕು. ಅಷ್ಟೂ ಗೊತ್ತಿಲ್ದೆ ಬಂದ್ಯಾ?' ಎಂದು ಮಾವ ಎಲ್ಲರೆದುರು ಅಂದುಬಿಟ್ಟರು. ಅವಳು ತಲೆ ತಗ್ಗಿಸಿದಳು. ಆಮೇಲೆ ಮಾವ ತಾವೇ ಅದನ್ನು ತಿದ್ದಲು ಕೂತಾಗ, ಫೈಲ್ ತೆರೆಯುವ ಆ ಸಾಲಿನ ಪಕ್ಕ ಅದನ್ನು ಬರೆದವರ ಹೆಸರು ಕಂಡಿತು. ಅದು ಮಾವನದೇ. ಎಂದೋ ಅವಸರದಲ್ಲಿ ಬರೆದು ಮರೆತದ್ದು. ಮಾವ ಅವಳ ಕಡೆ ತಿರುಗಿದರು. 'ನೀನಿದನ್ನ ನೋಡಿದ್ದೆ ತಾನೆ? ಯಾಕಮ್ಮ ಹೇಳಲಿಲ್ಲ?' 'ಅಷ್ಟು ಜನರ ಮುಂದೆ ಹೇಗೆ ಹೇಳೋದು ಸಾರ್? ನಿಮಗೆ ಬೇಜಾರಾಗ್ತಿತ್ತು,' ಎಂದಳು ಅವಳು. ಆ ಮಾತಿಗೆ ಮಾವ ನಾಚಿಕೆಯಿಂದ ಭೂಮಿಗಿಳಿದುಹೋದರು. ಎದ್ದು ನಿಂತು, 'ಎಲ್ಲರೂ ಕೇಳಿ. ಅಳಿಸಿದ್ದು ನಾನು, ಬೈಸಿಕೊಂಡದ್ದು ಇವಳು,' ಎಂದರು. ಇದೂ ಮಾವನ ತಮಾಷೆಯೆಂದುಕೊಂಡು ಕೋಣೆಗೆ ಕೋಣೆಯೇ ಗೊಳ್ಳೆಂದು ನಕ್ಕಿತು. ಮಾವ ಕೂರಲಿಲ್ಲ. ನಗು ಅಡಗುವವರೆಗೂ ನಿಂತಿದ್ದು, ಅದನ್ನೇ ಇನ್ನೊಮ್ಮೆ ಹೇಳಿದರು.