ರೆಕ್ಕೆಯೊಳಗೆ ಸಿಕ್ಕಿದ ಬಳೆಗೈ

ಇವತ್ತು ಬೆಳಗ್ಗೆ ವಿಮಾನದ ರೆಕ್ಕೆಯೊಳಗೆ ನನ್ನ ಹೆಂಡತಿ ಶಾರದಾಳ ಕೈ ಸಿಕ್ಕಿಹಾಕಿಕೊಂಡಿತು ಕಣ್ರಪ್ಪ. ಬಿಡಿಭಾಗಗಳ ಕಿಟ್ ತರಿಸಿ ಬಸವಾಪಟ್ಟಣದ ನಮ್ಮ ಶೆಡ್ಡಿನಲ್ಲಿ ನಾನೇ ಜೋಡಿಸುತ್ತಿರುವ ವಿಮಾನ ಗೊತ್ತಲ್ಲ, ಅದೇ. ತಗಡು ಕೂಡಿಸೋಕೆ ನಾನು ಹೊರಗಿಂದ ಗನ್ನಿನಲ್ಲಿ ರಿವೆಟ್ ಮೊಳೆ ಹೊಡೆಯುವಾಗ ಅವಳು ರೆಕ್ಕೆಯ ತೂತಿನಲ್ಲಿ ಕೈ ಹಾಕಿ ಒಳಗಿಂದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ತೂತಿನೊಳಗೆ ಹೋದ ಕೈ ವಾಪಸ್ ಬರಲಿಲ್ಲ. ಗಾಜಿನ ಬಳೆಗಳೆಲ್ಲ ಮಣಿಕಟ್ಟಿಗೆ ಜಾರಿ, ತೂತಿನ ಅಂಚಿಗೆ ಅಡ್ಡ ನಿಂತಿದ್ದವು. ಅಂಚೋ ಬ್ಲೇಡಿನಂಗೆ ಐತೆ.

"ಅಲ್ಲಾಡಬೇಡ, ಬಳೆ ಒಡೆದುಬಿಡ್ತೀನಿ," ಅಂತ ಇಕ್ಕಳ ಎತ್ತಿಕೊಂಡೆ.

"ಒಡೀರಿ ನೋಡಾನ. ಇದ್ರಾಗೆ ಹಾರಾಕೆ ಹೊಂಟಿರೋರು ಯಾರು?"

ಅವಳ ಮುಖ ನೋಡಿ ಇಕ್ಕಳ ಕೆಳಗಿಟ್ಟೆ. ಅವಳ ತೋಳಿನ ಪಕ್ಕದಲ್ಲೇ ಡ್ರಿಲ್ ಹಿಡಿದು, ಉಸಿರು ಬಿಗಿಹಿಡಿದು, ಇಬ್ಬರೂ ವಾರವಿಡೀ ಹೊಡೆದ ರಿವೆಟ್ಟುಗಳನ್ನೆಲ್ಲ ಕಿತ್ತೆ. ಅಲ್ಯೂಮಿನಿಯಂ ತಗಡು ಎತ್ತಿ, ಒಂದೊಂದೇ ಬಳೆ ನೆಟ್ಟಗೆ ಮಾಡಿ, ಕೈ ಹೊರಗೆ ತೆಗೆದೆವು. ಕೈ ಮೇಲೆ ಉದ್ದಕ್ಕೆ ಗೀರು. ಬಳೆ ಒಂದೂ ಒಡೆದಿರಲಿಲ್ಲ.

"ನಾಳೆ ಬಳೆ ತೆಗೆದಿಟ್ಟು ಬಾ," ಅಂದೆ.

"ಹಾರಲ್ಲ ಅಂತ ಹೇಳ್ರಿ, ಈಗ್ಲೇ ತೆಗೀತೀನಿ."

ಹಾರೋದು ಬಿಡೋಕೆ ನನ್ನ ಕೈಲಾಗಲ್ಲ, ಬಳೆ ತೆಗೆಯೋಕೆ ಅವಳು ಒಪ್ಪಲ್ಲ. ಹಂಗಾಗಿ ನಾಳೆಯಿಂದ ಒಳಗೆ ಕೈ ಹಾಕೋನು ನಾನು, ಹೊರಗೆ ಗನ್ ಹಿಡಿಯೋಳು ಅವಳು. ಅವಳ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.