ಮಳೆ ನೀರು, ಕೊಳೆ ನೀರು

ನನ್ನ ಹೆಂಡತಿಯ ತಮ್ಮ ಬಸ್ ಡಿಪೋ ಒಂದರಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದ. ಅಲ್ಲಿ ಎಲ್ಲರೂ ಅವನನ್ನು ಹೊಟ್ಟಣ್ಣ ಎನ್ನುತ್ತಿದ್ದರು. ಹೊಟ್ಟೆ ದೊಡ್ಡದೆಂದಲ್ಲ, ಆಳು ಕಡ್ಡಿಯಂತಿದ್ದ. ಬಡಗಿಯ ಅಂಗಡಿಯಿಂದ ಮರದ ಹೊಟ್ಟನ್ನು ಚೀಲಗಳಲ್ಲಿ ತುಂಬಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬರುತ್ತಿದ್ದ. ಬಸ್ಸಿನಡಿ ಎಣ್ಣೆ ತೊಟ್ಟಿಕ್ಕಿದಲ್ಲೆಲ್ಲ ಒಂದು ಹಿಡಿ ಹೊಟ್ಟು ಚೆಲ್ಲುವುದು, ಅದು ಎಣ್ಣೆ ಕುಡಿದ ಮೇಲೆ ಗುಡಿಸಿ ಮುಚ್ಚಳದ ಡಬ್ಬಕ್ಕೆ ಹಾಕುವುದು, ಇದು ಅವನ ಕ್ರಮ.

"ಒಂದು ಬಕೆಟ್ ನೀರು ಹುಯ್ದರೆ ಮುಗೀತಪ್ಪ" ಎಂದು ಡ್ರೈವರುಗಳು ಕಿಚಾಯಿಸುತ್ತಿದ್ದರು.

"ನಿಮ್ಮನೇಲಿ ಎಣ್ಣೆ ಚೆಲ್ಲಿದಾಗ ನೀರು ಹುಯ್ದು ನೋಡಿ. ಹೆಂಡ್ತಿ ಏನಂದಳು ಅಂತ ನಾಳೆ ಬಂದು ಹೇಳಿ" ಎನ್ನುತ್ತಿದ್ದ.

ಡಿಪೋದ ಹಿಂದೆ ಒಂದು ಸಣ್ಣ ಕೊಳ. ಅದರ ದಂಡೆಯ ಮೇಲೆ ನನ್ನ ಹೆಂಡತಿ ಸೊಪ್ಪು, ಬದನೆ ಬೆಳೆಯುತ್ತಿದ್ದಳು. ಗಿಡಗಳಿಗೆ ಆ ಕೊಳದ ನೀರೇ ಗತಿ. ಡಿಪೋದ ಅಂಗಳದಲ್ಲಿ ಎರಡು ಚರಂಡಿಗಳಿದ್ದವು. ಒಂದು ಎಣ್ಣೆಯನ್ನು ಬೇರ್ಪಡಿಸುವ ತೊಟ್ಟಿಗೆ ಹೋಗುತ್ತಿತ್ತು, ಇನ್ನೊಂದು ನೇರವಾಗಿ ಕೊಳಕ್ಕೆ. ಒಂದರ ಬಾಯಲ್ಲಿ 'ಕೊಳೆ ನೀರು' ಎಂದೂ ಇನ್ನೊಂದರ ಬಾಯಲ್ಲಿ 'ಮಳೆ ನೀರು' ಎಂದೂ ನೆಲದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿತ್ತು. ಬಸ್ಸುಗಳು ಓಡಾಡಿ ಓಡಾಡಿ ಎರಡರ ಮೊದಲಕ್ಷರವೂ ಸವೆದುಹೋಗಿ, ಎರಡೂ ಕಡೆ ಉಳಿದದ್ದು 'ಳೆ ನೀರು' ಮಾತ್ರ. ಹಳಬರಿಗೆ ಅಕ್ಷರದ ಹಂಗಿರಲಿಲ್ಲ. ಮತ್ತೆ ಬಣ್ಣ ಬಳಿಯಬೇಕಾದವನು ಹೊಟ್ಟಣ್ಣನೇ. ನಾಳೆ, ನಾಳೆ ಎಂದು ಮೂರು ವರ್ಷ ತಳ್ಳಿದ್ದ.

ಕನ್ನಡ ಮೇಷ್ಟರಾಗಿದ್ದು ಆಗಷ್ಟೇ ನಿವೃತ್ತನಾಗಿದ್ದ ನಾನು ಒಂದು ಮಧ್ಯಾಹ್ನ ಅವನು ಮರೆತುಹೋದ ಊಟದ ಡಬ್ಬವನ್ನು ಕೊಡಲು ಹೋಗಿದ್ದೆ. ಮೋಡ ಕವಿದಿತ್ತು. ಹಳೆಯ ಎಂಜಿನ್ ಆಯಿಲ್ ತುಂಬಿದ್ದ ಪೀಪಾಯಿ ಉರುಳಿಬಿದ್ದು, ಕಪ್ಪು ಎಣ್ಣೆ ಅಂಗಳದಲ್ಲಿ ಹರಡಿತ್ತು. ಹಿಂದಿನ ವಾರವಷ್ಟೇ ಬಂದಿದ್ದ ಬಸ್ ತೊಳೆಯುವ ಹೆಂಗಸು ಅದನ್ನು ಶ್ರದ್ಧೆಯಿಂದ ಚರಂಡಿಯೊಂದರ ಬಾಯಿಗೆ ತಳ್ಳುತ್ತಿದ್ದಳು.

"ಅಮ್ಮಾ, ನಿಲ್ಸಿ. ಅದು ಮಳೇದು" ಎಂದು ಹೊಟ್ಟಣ್ಣ ಓಡಿದ.

"ಕೊಳೆ ಅಂತ ಓದ್ಕೊಂಡೆ ಅಣ್ಣಾ. ಮೊದಲ್ನೇ ಅಕ್ಷರ ಎಲ್ಲಿದೆ?"

"ಟೈರಿಗೆ ಅಂಟ್ಕೊಂಡು ಊರು ಸುತ್ತೋಕೆ ಹೋಗಿದೆ" ಎಂದವನ ಮುಖದಲ್ಲಿ ನಗೆಯಿರಲಿಲ್ಲ. ಮೊದಲ ಹನಿಗಳು ಬೀಳತೊಡಗಿದ್ದವು. ಮಳೆ ಜೋರಾದರೆ ಚರಂಡಿಯೊಳಗಿನ ಎಣ್ಣೆಯೆಲ್ಲ ಕೊಳದ ಪಾಲು.

ನಾನು ಏನೋ ಕೇಳಲು ಬಾಯಿ ತೆರೆದೆ. "ಭಾವ, ಪಾಠ ಆಮೇಲೆ. ಚೀಲ ಹಿಡೀರಿ."

ಅವನು ಚರಂಡಿಗಿಳಿದು ಹೊಟ್ಟಿನ ಚೀಲಗಳನ್ನು ಅಡ್ಡಲಾಗಿ ಒಡ್ಡಿದ. ನಿಂತ ಎಣ್ಣೆಯನ್ನು ಮಗ್ಗಿನಿಂದ ಮೊಗೆದು ಬಕೆಟ್ಟಿಗೆ ಸುರಿದ. ಆ ಹೆಂಗಸು ಅಂಗಳದ ಎಣ್ಣೆಗೆ ಹೊಟ್ಟು ಚೆಲ್ಲಿ ಗುಡಿಸಿದಳು. ದೊಡ್ಡ ಮಳೆ ಬೀಳುವ ಹೊತ್ತಿಗೆ ಚರಂಡಿಯ ತಳ ಒರೆಸಿದ ಕರಿಹಲಗೆಯಂತಾಗಿತ್ತು. ಕೊಳಕ್ಕೆ ಓಡಿ ನೋಡಿದೆವು. ಅಂಗೈಯಗಲದ ಒಂದು ಬಣ್ಣದ ಪೊರೆ ತೇಲುತ್ತಿತ್ತು. ಅದನ್ನೂ ಬಟ್ಟೆಯಿಂದ ಸವರಿ ತೆಗೆಯದೆ ಅವನು ಕದಲಲಿಲ್ಲ.

"ಅಕ್ಕಾ, ಅವರ ತಪ್ಪಲ್ಲ. ನಂದೇ. ಮೂರು ವರ್ಷದಿಂದ ಬಣ್ಣ ಹಚ್ಚಿಲ್ಲ" ಎಂದ ಮನೆಗೆ ಬಂದು.

"ಸ್ಕೂಲಲ್ಲೂ ಕಾಪಿ ಬರೆಯೋದು ನಾಳೆ ಅಂತಾನೇ ಇದ್ದೆ. ಹೋಗು, ಕೈ ತೊಳ್ಕೋ" ಎಂದ ನನ್ನ ಹೆಂಡತಿ ಅವನ ಕೈಗಳನ್ನು ನೋಡಿ, "ಬೇಡ, ಮೊದ್ಲು ಒರೆಸ್ಕೋ" ಎಂದಳು. ಆಗ ನಕ್ಕ.

ಮರುದಿನ ಬೆಳಿಗ್ಗೆಯೇ ಬಣ್ಣದ ಡಬ್ಬ ಹಿಡಿದ. 'ಮಳೆಯ ನೀರಿಗೆ ಮಾತ್ರ ಮೀಸಲಾದ ಚರಂಡಿ' ಎಂದು ಬರೆಯಲು ನಾನು ಸೂಚಿಸಿದೆ.

"ಅಷ್ಟುದ್ದ ಓದೋಷ್ಟರಲ್ಲಿ ಎಣ್ಣೆ ಕೊಳ ಸೇರಿರತ್ತೆ ಭಾವ."

ಟೈರು ತಾಗದ ಗೋಡೆಯ ಮೇಲೆ, ಮಳೆ ಚರಂಡಿಗೆ ಬಾಣದ ಗುರುತು ಹಾಕಿ, ಎರಡೇ ಪದ ಬರೆದ: 'ಅಕ್ಕನ ತೋಟಕ್ಕೆ.' ವಿಭಕ್ತಿಯಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ.

ಈಗ ಅವನೂ ನಿವೃತ್ತ. ಕಳೆದ ವಾರ ನಾನು ಡಿಪೋದ ಮುಂದೆ ಹಾದುಹೋಗುವಾಗ ಅದೇ ಹೆಂಗಸು ಹೊಟ್ಟಿನ ಚೀಲವನ್ನು ಸೊಂಟದ ಮೇಲಿಟ್ಟುಕೊಂಡು ಚೆಲ್ಲಿದ ಎಣ್ಣೆಗೆ ನೀರು ಹುಯ್ಯಲು ಹೊರಟಿದ್ದ ಹೊಸ ಡ್ರೈವರೊಬ್ಬನನ್ನು ತಡೆದಿದ್ದಳು.

"ಬಕೆಟ್ ಕೆಳಗಿಡಿ. ಗೋಡೆ ಮೇಲೆ ಬರೆದಿರೋದು ಕಾಣಲ್ವಾ?"

"ಯಾರಮ್ಮ ಈ ಅಕ್ಕ?"

"ಯಾರಾದ್ರೇನು? ಅಕ್ಕ ಅಲ್ವಾ?"

ಅವನು ಬಕೆಟ್ ಇಟ್ಟು ಹೊಟ್ಟಿಗಾಗಿ ಕೈ ಚಾಚಿದ.