ಇನ್ನೂ ಓದದ ಎಂಟು ತಟ್ಟೆಗಳು

ನಲವತ್ತೆರಡು ಹೆಂಗಸರ ಎಂಟು ತಿಂಗಳ ಓವರ್‌ಟೈಮ್ ಕೂಲಿ ಇನ್ನೂ ಬಾಕಿ ಇದೆ, ದಿನಕ್ಕೆ ನಾಲ್ಕು ಗಂಟೆಯಂತೆ. ಮೊದಲು ಹದಿನಾಲ್ಕು ತಿಂಗಳದ್ದು ಬಾಕಿ ಇತ್ತು; ಆರು ತಿಂಗಳದ್ದು ಕೈಗೆ ಬಂದಿದೆ. ಬಂದದ್ದು ಯಾರೋ ಪುಣ್ಯಾತ್ಮರು ಮನಸ್ಸು ಕರಗಿ ಕೊಟ್ಟದ್ದಲ್ಲ. ಅದು ಹೇಗೆ ಬಂತು ಎಂದು ತಿಳಿಯಬೇಕಾದರೆ ತಟ್ಟೆಯಕ್ಕ ಯಾರೆಂದು ತಿಳಿಯಬೇಕು.

ಅವಳ ತಟ್ಟೆ ಊಟದ ತಟ್ಟೆಯಲ್ಲ. ಸೀಡಿ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಆ ಹೊಳೆಯುವ ಬಿಲ್ಲೆಯನ್ನು ಮೊದಲ ಸಲ ನೋಡಿದಾಗ ತಟ್ಟೆ ಎಂದು ಕರೆದರು. ಅದನ್ನು ದಿನಾ ಕೈಯಲ್ಲಿ ಹಿಡಿದು ಓಡಾಡುತ್ತಿದ್ದವಳು ತಟ್ಟೆಯಕ್ಕ ಆದಳು. ಈಗ ಅವಳ ಗಂಡನೂ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಾನೆ.

ಇಪ್ಪತ್ತೆರಡನೇ ವಯಸ್ಸಿಗೆ ಅವಳು ಅಲ್ಲಿ ಕೆಲಸಕ್ಕೆ ಸೇರಿದಳು. ಒಗೆಯುವ ಯಂತ್ರ ಮೂರು, ಹಿಂಡುವ ಯಂತ್ರ ಒಂದು, ಬಿಸಿ ಉರುಳೆಯ ಇಸ್ತ್ರಿ ಒಂದು. ರಕ್ತ, ಕೀವು, ಔಷಧ ಮೆತ್ತಿದ ಹಾಸು-ಹೊದಿಕೆಗಳು ಮೇಲಿನ ಮಹಡಿಗಳಿಂದ ಗುಡ್ಡೆಗುಡ್ಡೆಯಾಗಿ ಇಳಿಯುತ್ತಿದ್ದವು, ಬಿಳಿಯಾಗಿ ಮಡಚಿಕೊಂಡು ಮೇಲೆ ಹತ್ತುತ್ತಿದ್ದವು. ನಾಲ್ಕನೇ ವರ್ಷ ಎಡಗೈಯ ಎರಡು ಬೆರಳು ಉರುಳೆಗೆ ಸಿಕ್ಕಿ ಬೆಂದವು. ಇಸ್ತ್ರಿಗೆ ಇನ್ನು ಉಪಯೋಗವಿಲ್ಲ ಎಂದು ಅವಳನ್ನು ಎಣಿಕೆಯ ಮೇಜಿಗೆ ಕೂರಿಸಿದರು. ಆ ಮೇಜಿನ ಮೇಲೆ ಒಂದು ದಿನ ಕಂಪ್ಯೂಟರ್ ಬಂದು ಕುಳಿತಾಗ ಗುತ್ತಿಗೆದಾರನ ಕಡೆಯ ಲೆಕ್ಕದವರು, "ಹತ್ತನೇ ಕ್ಲಾಸು ಮುಟ್ಟಿದೋರು ಯಾರಮ್ಮ ಇಲ್ಲಿ?" ಎಂದರು.

ಅಲ್ಲೇ ಒಗೆಯುವ ಯಂತ್ರದ ಮುಂದೆ ನಿಂತಿದ್ದ ಅವಳ ನಾದಿನಿ ಹಿಂದಿನಿಂದ ತಳ್ಳಿದಳು. "ಹೋಗತ್ತಿಗೆ. ಎಂಟು ಬೆರಳಲ್ಲಿ ಒತ್ತಿದ್ರೂ ಅಕ್ಷರ ಬೀಳುತ್ತೆ."

ಕೆಲಸ ಇಷ್ಟೇ: ಪ್ರತಿಯೊಬ್ಬಳೂ ಬಂದ ಹೊತ್ತು, ಹೋದ ಹೊತ್ತು, ಎಷ್ಟು ಹಾಸು ಒಗೆದರು, ಎಷ್ಟು ಹರಿದವು. ದಿನದ ಕೊನೆಗೆ ಅದನ್ನೆಲ್ಲ ಸೀಡಿಗೆ ಬರೆದು ಇಡಬೇಕು. ಲೆಕ್ಕದವರು ಐದು ಸೀಡಿ ಕೊಟ್ಟಿದ್ದರು, ಹಸಿರು ಡಬ್ಬಿಗಳಲ್ಲಿ. ಅಳಿಸಿ ಮತ್ತೆ ಬರೆಯುವ ಜಾತಿಯವು. "ವಾರಕ್ಕೊಂದರಂತೆ ಐದನ್ನೇ ತಿರುಗಿಸಿ ತಿರುಗಿಸಿ ಬಳಸು. ಆರನೇದು ಕೇಳ್ಬೇಡ."

ಬರೆಯುವುದೂ ಸುಲಭವಿರಲಿಲ್ಲ. ಹಿಂಡುವ ಯಂತ್ರ ಓಡಿದರೆ ನೆಲವೇ ನಡುಗುತ್ತಿತ್ತು. ಮೇಜಿನ ಮೇಲಿನ ಟೀ ಲೋಟ ತಾನಾಗಿ ನಡೆದು ಅಂಚಿಗೆ ಬರುತ್ತಿತ್ತು. ಆ ನಡುಕದಲ್ಲಿ ಬರೆದ ಸೀಡಿ ಅರ್ಧಕ್ಕೆ ಕೆಡುತ್ತಿತ್ತು. ಹಾಗಾಗಿ ಅವಳು ಹಿಂದಿನ ದಿನದ್ದನ್ನು ಮರುದಿನ ಮಧ್ಯಾಹ್ನ ಒಂದೂವರೆಗೆ, ಊಟಕ್ಕೆ ಯಂತ್ರ ನಿಂತಾಗ ಬರೆಯತೊಡಗಿದಳು. "ಬರೀತಿದೀನಿ! ಹತ್ತು ನಿಮಿಷ ಯಾರೂ ಟ್ರಾಲಿ ಎಳೀಬೇಡಿ!" ಎಂದು ಕೂಗುವಳು. ಎಲ್ಲರಿಗಿಂತ ಹಿರಿಯಳಾದ ಸೋಪಜ್ಜಿ ಬಾಯಲ್ಲಿ ತುತ್ತಿಟ್ಟುಕೊಂಡೇ ಕೇಳುವಳು, "ಉಸಿರಾಡ್ಬಹುದೇನೇ ತಾಯಿ, ಅದಕ್ಕೂ ನಿನ್ನ ಅಪ್ಪಣೆ ಬೇಕಾ?"

ಅಗ್ಗದ ಮಾಲು, ದಿನಾ ಅಳಿಸಿ ದಿನಾ ಬರೆದರೆ ಎಷ್ಟು ದಿನ ಬಾಳೀತು? ಒಂದು ದಿನ ಒಂದು ಸೀಡಿ ಸತ್ತಿತು. ಅದೇ ವಾರ ಕಂಪ್ಯೂಟರಿಗೂ ಕಾಯಿಲೆ ಬಂದಿತ್ತು. ಆರು ದಿನದ ಲೆಕ್ಕ ಹೋಯಿತು. ಲೆಕ್ಕದವರು ಅವಳ ಮೂರು ದಿನದ ಸಂಬಳ ಹಿಡಿದರು.

ಅವಳು ಅತ್ತು ಕೂರಲಿಲ್ಲ. ಆಸ್ಪತ್ರೆಯ ಗೇಟಿನೆದುರು ಸಮಾರಂಭಗಳ ವಿಡಿಯೋ ತೆಗೆಯುವವನ ಅಂಗಡಿ ಇತ್ತು. ತಲೆ ನರೆತ ಆ ಮನುಷ್ಯನನ್ನು ಎಲ್ಲರೂ ವಿಡಿಯೋ ಅಣ್ಣ ಎನ್ನುತ್ತಿದ್ದರು. ಅವನ ಹತ್ತಿರ ಹೋಗಿ, "ಅಣ್ಣ, ಕೈ ಕೊಡದೇ ಇರೋ ತಟ್ಟೆ ಯಾವುದಿದೆ?" ಎಂದಳು. ಅವನು ಬೇರೆ ಜಾತಿಯದನ್ನು ತೆಗೆದುಕೊಟ್ಟ. ಬೆಲೆ ಹಳೆಯದರ ಕಾಲು ಭಾಗ. "ಇದಕ್ಕೆ ದಿನಾ ಒಂದಿಷ್ಟು ಸೇರಿಸ್ತಾ ಹೋಗು. ತಿಂಗಳಿಗೊಂದು ಸಾಕು. ನಿಧಾನಕ್ಕೆ ಬರಿ, ಅವಸರ ಮಾಡ್ಬೇಡ."

ಅವಳು ಕೈಯಿಂದ ದುಡ್ಡು ಹಾಕಿ ಕೊಂಡಳು. ಯಾರನ್ನು ಕೇಳಿ ತಂದೆ ಎಂದು ಲೆಕ್ಕದವರು ಎಗರಾಡಬಾರದೆಂದು ಹಳೆಯ ಹಸಿರು ಡಬ್ಬಿಗಳಲ್ಲೇ ಅವನ್ನು ಹಾಕಿಟ್ಟಳು. ತುಂಬಿದ್ದನ್ನು ಬೀರುವಿನಲ್ಲಿಟ್ಟು, ಡಬ್ಬಿಗೆ ಮುಂದಿನ ತಿಂಗಳಿನದನ್ನು ಹಾಕುವಳು. ಲೆಕ್ಕದವರು ಡಬ್ಬಿಯ ಬಣ್ಣ ನೋಡಿದರೇ ಹೊರತು ಒಳಗಿನ ಜಾತಿ ನೋಡಲಿಲ್ಲ.

ಇನ್ನು ಕೆಟ್ಟ ಭಾಗ. ಅದನ್ನೂ ಹೇಳಬೇಕು, ಮುಚ್ಚಿಡಬಾರದು.

ಹೆಂಗಸರು ದುಡಿಯುತ್ತಿದ್ದುದು ಹನ್ನೆರಡು ಗಂಟೆ. ತಿಂಗಳ ಕೊನೆಯ ದಿನದ್ದನ್ನೂ ಬರೆದಾದ ಮೇಲೆ ಲೆಕ್ಕದವರು ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂರುವರು. "ಹನ್ನೆರಡು ಇರೋ ಕಡೆಯೆಲ್ಲ ಎಂಟು ಮಾಡು. ಉಳಿದ ನಾಲ್ಕನ್ನ ಬೇರೆ ಫೈಲಲ್ಲಿ ಹಾಕಿ ಒಟ್ಟಿಗೆ ಕೊಡ್ತೀವಿ." ಅವಳು ಮಾಡಿದಳು. ನಂಬಿ ಮಾಡಿದಳು ಎಂದರೆ ಅರ್ಧ ಸುಳ್ಳು. ಕೆಲಸ ಹೋಗುವ ಭಯಕ್ಕೆ ಮಾಡಿದಳು. ತಿದ್ದಿದ್ದನ್ನು ಅದೇ ಹೆಸರಲ್ಲಿ ಸೀಡಿಗೆ ಮತ್ತೆ ಬರೆದರೆ, ತೆರೆದಾಗ ಎಂಟು ಎಂದೇ ಕಾಣುತ್ತಿತ್ತು. ಹನ್ನೆರಡು ಎಲ್ಲೂ ಇರಲಿಲ್ಲ. ಈ ತಟ್ಟೆಯೂ ಅಳಿಯುತ್ತದೆ ಎಂದು ಅವಳು ತಿಳಿದಳು. ಲೆಕ್ಕದವರು ತೆರೆದು ನೋಡಿ, ಹೊರತೆಗೆದು, ಮೇಲ್ಮೈ ಮೇಲೆ ದಪ್ಪ ಪೆನ್ನಿನಲ್ಲಿ ತಿಂಗಳು ಬರೆದು, "ನೋಡಿದೆ, ಸರಿ ಇದೆ" ಎಂದು ಗೀಚಿ ಸಹಿ ಹಾಕುವರು. ಸಹಿ ಹಾಕುವುದೆಂದರೆ ಆ ಮನುಷ್ಯನಿಗೆ ಬಲು ಖುಷಿ. ಹೀಗೆ ಹದಿನಾಲ್ಕು ತಿಂಗಳು.

ಆಮೇಲೆ ಗುತ್ತಿಗೆ ಬೇರೆಯವರಿಗೆ ಹೋಯಿತು. ಹಳಬರು ಕಂಪ್ಯೂಟರ್ ಹೊತ್ತೊಯ್ದರು, ಹಾಜರಿ ಚೀಟಿಗಳನ್ನು ರದ್ದಿಗೆ ಹಾಕಿದರು. "ಈ ತಟ್ಟೆಗಳು, ಸಾರ್?" ಎಂದು ಕೇಳಿದ್ದಕ್ಕೆ ಲೆಕ್ಕದವರು ನಕ್ಕರು. "ನೀನೇ ಇಟ್ಕೊಳಮ್ಮ, ಮುಖ ನೋಡ್ಕೊಳ್ಳೋಕಾಗುತ್ತೆ."

ಹೆಂಗಸರು ಸುಮ್ಮನಿರಲಿಲ್ಲ. ಸೋಪಜ್ಜಿಯನ್ನು ಮುಂದಿಟ್ಟುಕೊಂಡು ಗೇಟಿನಲ್ಲಿ ಕುಳಿತರು, ಕಾರ್ಮಿಕ ಕಚೇರಿಗೆ ಅರ್ಜಿ ಹಾಕಿದರು. ಪುರಾವೆ ಎಲ್ಲಿ ಎಂದು ಅಧಿಕಾರಿ ಕೇಳಿದಾಗ ಎಲ್ಲರೂ ತಟ್ಟೆಯಕ್ಕನ ಕಡೆ ತಿರುಗಿದರು. ದಿನಾ ಹನ್ನೆರಡು ಎಂದು ಒತ್ತುವುದನ್ನು ಅವರೆಲ್ಲ ಕಣ್ಣಾರೆ ಕಂಡಿದ್ದರು. ತಿಂಗಳ ಕೊನೆಯ ಕೆಲಸ ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಕಚೇರಿಯ ಕಂಪ್ಯೂಟರಿಗೆ ಸೀಡಿ ಹಾಕಿದರು. ಎಂಟು. ಇನ್ನೊಂದು ಹಾಕಿದರು. ಎಂಟು.

"ಓದಿ ಸಾರ್, ಜೋರಾಗಿ ಓದಿ," ಎಂದರು ಲೆಕ್ಕದವರು.

ನಾದಿನಿ ಅಲ್ಲೇ ಎಲ್ಲರೆದುರು ಕೇಳಿದಳು. "ಇದನ್ನ ಬದಲಾಯಿಸಿದ ಕೈ ಯಾವುದತ್ತಿಗೆ?"

"ನಂದೇ."

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಮೆಟ್ಟಿಲಿಳಿದು ಹೋದರು. ಬೈದಿದ್ದರೆ ಚೆನ್ನಾಗಿತ್ತು. ಎರಡು ಕೋಣೆಯ ಮನೆ, ಒಂದೇ ಒಲೆ, ಒಂದೇ ನಲ್ಲಿ. ನಾದಿನಿ ಮಾತು ಬಿಟ್ಟಳು. ಅಣ್ಣನ ಮೂಲಕ ಸುದ್ದಿ ಕಳಿಸುವಳು: "ನಿನ್ನ ಹೆಂಡ್ತಿಗೆ ಹೇಳು, ನೀರು ಬಂದಿದೆ." ಇಬ್ಬರ ನಡುವೆ ಮೂರಡಿ ಜಾಗ. ಗಂಡ ಅತ್ತ ತಿರುಗಿ, "ನೀರು ಬಂದಿದೆಯಂತೆ" ಎನ್ನುವನು, ಇತ್ತ ತಿರುಗಿ, "ಗೊತ್ತಂತೆ" ಎನ್ನುವನು. ಪಾಪದ ಪ್ರಾಣಿ, ಒಂದು ತಿಂಗಳು ಇದೇ ಕೆಲಸ ಮಾಡಿದ.

ಆ ಸೀಡಿಗಳು ಮನೆಯಲ್ಲಿದ್ದರೆ ಅನ್ನ ಇಳಿಯುವುದಿಲ್ಲ ಎನ್ನಿಸಿ ಒಂದು ಬೆಳಿಗ್ಗೆ ಅವಳು ಹದಿನಾಲ್ಕನ್ನೂ ಚೀಲಕ್ಕೆ ತುಂಬಿ ವಿಡಿಯೋ ಅಣ್ಣನ ಮೇಜಿನ ಮೇಲೆ ಸುರಿದಳು. "ಪೂರ್ತಿ ಅಳಿಸಿ ನೀವೇ ಬಳಸ್ಕೊಳ್ಳಿ ಅಣ್ಣ. ನಂಗೆ ಬೇಡ."

"ಅಳಿಸೋದಾ? ಇದನ್ನಾ?" ಅವನು ಕನ್ನಡಕ ಏರಿಸಿದ. "ನೀನು ಮೊದಲು ಬಳಸ್ತಿದ್ದದ್ದು ಸ್ಲೇಟು. ಇದು ಹಚ್ಚೆ ಕಣಮ್ಮ. ಒಂದ್ಸಲ ಚುಚ್ಚಿದ್ರೆ ಮುಗೀತು."

"ಸುಳ್ಳು. ನಾನೇ ಅಳಿಸಿದೀನಿ. ಹನ್ನೆರಡು ಇದ್ದದ್ದು ಎಂಟಾಯ್ತು, ಕಣ್ಣಾರೆ ನೋಡಿದೀನಿ."

ಅವನು ಒಂದು ಸೀಡಿಯನ್ನು ತಿರುವಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಹೊಳಪಿನ ಮೇಲೆ ಕೂದಲೆಳೆಯಂಥ ಸುತ್ತುಗಳು, ಒಳಗಿನಿಂದ ಹೊರಗೆ ಒಂದರ ಪಕ್ಕ ಒಂದು. ಅವಳು ಅವನ್ನು ದಿನಾ ಕಂಡಿದ್ದಳು. ಸೋಪಿನ ಕೈಯ ಕಲೆ ಎಂದು ಸೀರೆಯ ಸೆರಗಿನಲ್ಲಿ ಒರೆಸಿಯೂ ಇದ್ದಳು.

"ಎಣಿಸು."

ಉಗುರು ತಾಗಿಸದೆ ಎಣಿಸಿದಳು. ಇಪ್ಪತ್ತೇಳು.

"ಆ ತಿಂಗಳು ಎಷ್ಟು ದಿನ ಕೆಲಸ?"

"ಇಪ್ಪತ್ತಾರು."

"ಹಾಗಾದ್ರೆ ಕೊನೇದು ಯಾವುದು?"

ಕೊನೆಯದು ಲೆಕ್ಕದವರ ಸುತ್ತು. ಉಳಿದ ಇಪ್ಪತ್ತಾರು ಅವಳವು.

ವಿಡಿಯೋ ಅಣ್ಣ ಹೇಳಿದ್ದು ಇಷ್ಟು: ಹೊಸದಾಗಿ ಬರೆದಾಗ ಹಳೆಯದು ಹೋಗುವುದಿಲ್ಲ, ಕಂಪ್ಯೂಟರ್ ಕೊನೆಯ ಸುತ್ತನ್ನು ಮಾತ್ರ ತೋರಿಸುತ್ತದೆ. ಕೇಳುವ ರೀತಿಯಲ್ಲಿ ಕೇಳಿದರೆ ಹಿಂದಿನದನ್ನೂ ತೆರೆಯುತ್ತದೆ. ಅವನು ಕೇಳಿದ. ಇಪ್ಪತ್ತಾರನೇ ಸುತ್ತು ತೆರೆದುಕೊಂಡಿತು, ಆ ತಿಂಗಳ ಇಡೀ ಪಟ್ಟಿ. ನಲವತ್ತೆರಡು ಹೆಸರು, ಎದುರಿಗೆ ಹನ್ನೆರಡು, ಹನ್ನೆರಡು, ಹನ್ನೆರಡು. ಸೋಪಜ್ಜಿಯ ಎದುರು ಒಂದು ದಿನ ಹದಿಮೂರು.

ಅವಳು ಓಡಿದಳು. ನಾದಿನಿ ಒದ್ದೆ ಹಾಸುಗಳ ಟ್ರಾಲಿ ತಳ್ಳುತ್ತಿದ್ದಳು. ಏದುಸಿರಿನಲ್ಲೇ ಎಲ್ಲ ಹೇಳಿದಳು, ಅರ್ಧ ಹೇಳುವಷ್ಟರಲ್ಲಿ ಅಳು ಬಂತು. ನಾದಿನಿ ಕೈ ಒರೆಸಿಕೊಂಡು ನೇರ ಅವಳ ಮುಖ ನೋಡಿ ಮಾತಾಡಿದಳು, ಒಂದು ತಿಂಗಳ ನಂತರ.

"ಮೂಗು ಒರೆಸ್ಕೋ ಮೊದ್ಲು. ನಾಳೆ ಕಚೇರಿಗೆ ಹೋಗೋಣ. ನೀನು ಮಾಡಿದ್ದನ್ನ ನಾನು ಮರೆಯಲ್ಲ ಅತ್ತಿಗೆ. ಆದ್ರೆ ಅದನ್ನ ದುಡ್ಡು ಬಂದ ಮೇಲೆ ಜಗಳ ಆಡೋಣ."

ನಾಳೆ ಎಂದದ್ದು ವರ್ಷಗಟ್ಟಲೆ ಎಳೆಯಿತು. ಸೀಡಿ ಪುರಾವೆಯೇ ಅಲ್ಲ ಎಂದು ಗುತ್ತಿಗೆದಾರ ಮೇಲಿನ ಕಚೇರಿಗೆ ಹೋದ, ಅದರ ಮೇಲಿನದಕ್ಕೆ ಹೋದ. ಪ್ರತಿ ವಾಯಿದೆಗೂ ಹೆಂಗಸರು ಪಾಳಿ ಹಾಕಿಕೊಂಡು ಹೋದರು. ಕೊನೆಗೆ ಕಳೆದ ವರ್ಷ ಆದೇಶ ಬಂತು: ಎರಡೂ ಕಡೆಯವರ ಎದುರು ತಟ್ಟೆಗಳನ್ನು ತೆರೆಯಬೇಕು, ಓದಿದಷ್ಟಕ್ಕೆ ಕೂಲಿ ಕೊಡಬೇಕು.

ಈ ಸಲ ಅಧಿಕಾರಿ ಹೆಂಗಸು. ಗುತ್ತಿಗೆದಾರನ ವಕೀಲರು ಮೊದಲೇ ಎದ್ದರು. "ಇದನ್ನೆಲ್ಲ ಮನೇಲಿ ಕೂತು ಯಾರು ಬೇಕಾದ್ರೂ ಬರೀಬಹುದು ಮೇಡಂ."

ತಟ್ಟೆಯಕ್ಕ ಸೀಡಿಯ ಮೇಲ್ಮೈಯನ್ನು ಲೆಕ್ಕದವರ ಮೂಗಿನ ನೇರಕ್ಕೆ ಹಿಡಿದಳು. "ಸಾರ್, ಈ ಸಹಿ ಯಾರದು?"

ಅವರು ಕನ್ನಡಕ ಹುಡುಕತೊಡಗಿದರು. ಕನ್ನಡಕ ಮೂಗಿನ ಮೇಲೇ ಇತ್ತು.

"ಇದು ಒಳಗಿಂದ ಹೊರಗೆ ಬರೆಯೋ ತಟ್ಟೆ ಮೇಡಂ," ಎಂದಳು. "ಸಾರ್ ನೋಡಿ ಸಹಿ ಹಾಕಿದ ಎಂಟು ಗಂಟೆ ಎಲ್ಲಕ್ಕಿಂತ ಹೊರಗಿನ ಸುತ್ತಲ್ಲಿದೆ. ಹನ್ನೆರಡು ಅದರ ಒಳಗಿದೆ. ಆಮೇಲೆ ನಾನು ಒಳಗೆ ತೂರಿಸೋಕೆ ಜಾಗ ಎಲ್ಲಿದೆ? ಮತ್ತೆ ಮೇಡಂ, ಹೊರಗಿನ ಸುತ್ತನ್ನ ಒತ್ತಿದವಳೂ ನಾನೇ. ಅದನ್ನೂ ಬರ್ಕೊಳ್ಳಿ."

ಅಧಿಕಾರಿ ಎರಡನ್ನೂ ಬರೆದುಕೊಂಡರು. ಆದರೆ ಕಚೇರಿಯ ಹೊಸ ಕಂಪ್ಯೂಟರುಗಳಲ್ಲಿ ಸೀಡಿ ಹಾಕುವ ಬಾಯೇ ಇರಲಿಲ್ಲ. ವಿಡಿಯೋ ಅಣ್ಣ ತನ್ನ ಹಳೆಯ ಡ್ರೈವನ್ನು ಟವೆಲಿನಲ್ಲಿ ಸುತ್ತಿ ತಂದ. ಅದು ಆರು ತಟ್ಟೆ ಓದಿತು. ಏಳನೆಯದಕ್ಕೆ ಕರಕರ ಎಂದು ಕೆಮ್ಮಿ ನಿಂತೇಹೋಯಿತು.

ಆರು ತಿಂಗಳ ಕೂಲಿ ಹೋದ ತಿಂಗಳು ಬಂತು. ಸೋಪಜ್ಜಿ ಈಗ ನಡೆಯಲಾರಳು. ನಾದಿನಿ ಅವಳ ಮನೆಗೇ ಹೋಗಿ ಹೆಬ್ಬೆಟ್ಟು ಹಾಕಿಸಿ ಕೊಟ್ಟಳು. ಅಜ್ಜಿ ಎರಡು ಸಲ ಎಣಿಸಿ, "ಆ ಹದಿಮೂರನೇ ಗಂಟೆದೂ ಸೇರಿದೆಯಾ?" ಎಂದು ಕೇಳಿದಳು. ಸೇರಿತ್ತು.

ಉಳಿದ ಎಂಟು ತಟ್ಟೆಗಳಿಗೆ ವಯಸ್ಸಾಗಿದೆ. ಹೊಸದಾಗಿ ಕೊಂಡ ತೆಳ್ಳನೆಯ ಡ್ರೈವು ಅವನ್ನು ಗುರುತೇ ಹಿಡಿಯಲಿಲ್ಲ. ಒಂದು ಡ್ರೈವಿಗೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ, ಹತ್ತಾರು ತಂದು ಹಾಕಿ ನೋಡಬೇಕು ಎನ್ನುತ್ತಾನೆ ವಿಡಿಯೋ ಅಣ್ಣ. ತಟ್ಟೆಯಕ್ಕ ರದ್ದಿ ಅಂಗಡಿಗಳನ್ನು ಸುತ್ತಿ ಮೂರು ತಂದಿದ್ದಾಳೆ. ಅವುಗಳಲ್ಲಿ ಒಂದು, ಎಂಟನೇ ತಿಂಗಳ ತಟ್ಟೆಯ ಹೆಸರಷ್ಟನ್ನು ತೋರಿಸಿತು, ಒಳಗೆ ಹೋಗಲಿಲ್ಲ. ಹೆಸರು ಕಂಡಿತಲ್ಲ, ಹಾಗಾದರೆ ಒಳಗೆ ಜೀವ ಇದೆ ಎಂದು ಅವಳು ಅಂದು ಮನೆಗೆ ಹಾಡಿಕೊಂಡು ಬಂದಳು.

ಮುಂದಿನ ವಿಚಾರಣೆ ಬರುವ ತಿಂಗಳ ಹನ್ನೆರಡಕ್ಕೆ, ಬೆಳಿಗ್ಗೆ ಹನ್ನೊಂದು ಗಂಟೆ, ಕಾರ್ಮಿಕ ಕಚೇರಿಯ ಎರಡನೇ ಮಹಡಿ. ಓದಿ ಮರುಗಿದಿರಾ? ಮರುಕ ನಿಮ್ಮಲ್ಲೇ ಇರಲಿ. ನಿಮ್ಮ ಅಟ್ಟದ ಮೇಲೆ, ಮಂಚದ ಕೆಳಗೆ, ಕಚೇರಿಯ ಮುರುಕು ಸಾಮಾನಿನ ಕೋಣೆಯಲ್ಲಿ ಹಳೆಯ ಕಂಪ್ಯೂಟರ್ ಬಿದ್ದಿದ್ದರೆ ಅದರ ಸೀಡಿ ಡ್ರೈವನ್ನು ಬಿಚ್ಚಿ ತನ್ನಿ. ಬಿಚ್ಚಲು ಬಾರದಿದ್ದರೆ ಇಡೀ ಪೆಟ್ಟಿಗೆಯನ್ನೇ ಹೊತ್ತು ತನ್ನಿ. ಅಂದು ಬರುತ್ತೀರಾ, ಇಲ್ಲವಾ?